ಒಂದೇ ನಾಯಿ, ದೊಡ್ಡಿಗೂ ಸೈ ರಿಂಗ್‌ಗೂ ಸೈ: ವಾಲ್‌ಹುಂಡ್ ತಳಿಯ ಜೊತೆ ನನ್ನ ಅನುಭವ

ಸ್ವೀಡಿಶ್ ವಾಲ್‌ಹುಂಡ್ ಅಂದರೆ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ. ಫೋಟೊ ತೋರಿಸಿದರೆ "ಇದು ಕಾರ್ಗಿ ಅಲ್ವಾ? ಬಣ್ಣ ಮಾತ್ರ ತೋಳದ್ದು" ಅನ್ನುತ್ತಾರೆ. ಗಿಡ್ಡ ಕಾಲು, ಉದ್ದ ಮೈ, ನೆಟ್ಟಗೆ ನಿಂತ ಕಿವಿ. ಗಂಡಿಗೆ 33 ಸೆಂಟಿಮೀಟರ್, ಹೆಣ್ಣಿಗೆ 31 ಸೆಂಟಿಮೀಟರ್ ಎತ್ತರ ಸರಿಯಾದ ಅಳತೆ. ಮನುಷ್ಯರ ಮಂಡಿ ತನಕವೂ ಬರುವುದಿಲ್ಲ. ಆದರೆ ತನಗಿಂತ ಹತ್ತಾರು ಪಟ್ಟು ತೂಕದ ಹಸುವನ್ನು ಹಿಂದೆ ನಿಂತು ನಡೆಸಿಕೊಂಡು ಹೋಗುತ್ತದೆ. ದನದ ಹಿಮ್ಮಡಿಗೆ ಬಾಯಿ ಹಾಕಿ ಮುಂದೆ ತಳ್ಳುವುದೇ ಇದರ ಹುಟ್ಟು ಕಸುಬು.

ಈ ತಳಿಯ ಮೂಲ ಸ್ವೀಡನ್‌ನ ವೆಸ್ಟರ್‌ಯೋಟ್ಲಾಂಡ್ ಸೀಮೆ. 1940ರ ಹೊತ್ತಿಗೆ ಅಲ್ಲೂ ಇದು ಮುಗಿದೇ ಹೋಯಿತು ಅನ್ನುವ ಸ್ಥಿತಿ ಬಂದಿತ್ತು. 1942ರಲ್ಲಿ ಬ್ಯೋರ್ನ್ ಫಾನ್ ರೋಸೆನ್ ಮತ್ತು ಕಾರ್ಲ್-ಗುಸ್ತಾಫ್ ಸೆಟ್ಟರ್‌ಸ್ಟೇನ್ ಅನ್ನುವ ಇಬ್ಬರು ಸೇರಿ ಹುಡುಕಾಟ ಶುರು ಮಾಡಿದರು. ಸಿಕ್ಕಿದ್ದು ಬೆರಳೆಣಿಕೆ ನಾಯಿಗಳು. ಮೋಪ್ಸೆನ್ ಅನ್ನುವ ಒಂದು ಗಂಡು, ವಿವಿ, ಲೆಸ್ಸಿ, ಟಾಪ್ಸಿ ಅನ್ನುವ ಮೂರು ಹೆಣ್ಣು. ಇವುಗಳಿಂದಲೇ ತಳಿ ಮತ್ತೆ ಶುರುವಾಯಿತು. 1943ರಲ್ಲಿ ಸ್ವೀಡನ್‌ನ ಕೆನಲ್ ಕ್ಲಬ್, ಅಂದರೆ ನಾಯಿ ತಳಿಗಳನ್ನು ದಾಖಲಿಸುವ ಸಂಘ, ಮಾನ್ಯತೆ ಕೊಟ್ಟಿತು. ಅಮೆರಿಕನ್ ಕೆನಲ್ ಕ್ಲಬ್‌ನ ಹರ್ಡಿಂಗ್ (ದನ-ಕುರಿ ನಡೆಸುವ ನಾಯಿಗಳ) ಗುಂಪಿಗೆ ಸೇರಿದ್ದು ತೀರಾ ಈಚೆಗೆ, 2007ರಲ್ಲಿ.

ಹಳೇ ಕಥೆ ಅಂತ ಇದನ್ನು ಬದಿಗಿಡೋ ಹಾಗಿಲ್ಲ. ನಾನು ಇವತ್ತು ಯಾವ ಗಂಡಿಗೆ ಯಾವ ಹೆಣ್ಣನ್ನು ಕೂಡಿಸಬೇಕು ಅನ್ನುವುದು ಈ ಕಥೆಯಿಂದಲೇ ತೀರ್ಮಾನವಾಗುತ್ತದೆ. ಲ್ಯಾಬ್ರಡಾರ್, ಬಾರ್ಡರ್ ಕಾಲಿ ತರಹದ ದೊಡ್ಡ (ಅಂದರೆ ನಾಯಿಗಳ ಸಂಖ್ಯೆ ಹೆಚ್ಚಿರುವ) ತಳಿಗಳಲ್ಲಿ ಕೆಲಸದ ಸಾಲೇ ಬೇರೆ, ಶೋ ಸಾಲೇ ಬೇರೆ ಆಗಿ ಹೋಗಿದೆ. ವಾಲ್‌ಹುಂಡ್‌ನಲ್ಲಿ ಹಾಗೆ ಇಬ್ಭಾಗ ಮಾಡುವಷ್ಟು ನಾಯಿಗಳೇ ಇಲ್ಲ. ಮಾಡಿದರೆ ಎರಡು ಕಡೆಯೂ ರಕ್ತಸಂಬಂಧ ಹತ್ತಿರವಾಗಿ ಎರಡೂ ಕೆಡುತ್ತವೆ. ಹಾಗಾಗಿ ನನ್ನ ಪಟ್ಟು ಒಂದೇ: ದೊಡ್ಡಿಯಲ್ಲಿ ದನ ತಿರುಗಿಸುವ ನಾಯಿಯೇ ರಿಂಗ್‌ನಲ್ಲಿ, ಅಂದರೆ ನಾಯಿ ಪ್ರದರ್ಶನದ ಕಣದಲ್ಲಿ ನಿಲ್ಲಬೇಕು. ರಿಂಗ್‌ನಲ್ಲಿ ಗೆದ್ದ ನಾಯಿ ಮಾರನೇ ದಿನ ದೊಡ್ಡಿಗೆ ಇಳಿಯಬೇಕು.

ಜೋಡಿ ಹುಡುಕುವ ಕೆಲಸ

ಮರಿ ಮಾಡಿಸುವುದರಲ್ಲಿ ಮುಕ್ಕಾಲು ಪಾಲು ಕೆಲಸ ಕೂತು ಮಾಡುವಂಥದ್ದು. ವಂಶಾವಳಿ ಹರಡಿಕೊಂಡು, ಹಳೇ ಫೋಟೊ, ಪರೀಕ್ಷೆಯ ವರದಿ ಎಲ್ಲ ಎದುರಿಗಿಟ್ಟುಕೊಂಡು ತಿಂಗಳುಗಟ್ಟಲೆ ಯೋಚನೆ ಮಾಡುತ್ತೇನೆ. ನನ್ನ ಹೆಣ್ಣು ಮಿಂಚುಗೆ ಗಂಡು ಹುಡುಕಿದ್ದೂ ಹೀಗೆಯೇ.

ಮೊದಲು ನೋಡುವುದು ರಕ್ತಸಂಬಂಧ ಎಷ್ಟು ಹತ್ತಿರ ಅಂತ. ಇದಕ್ಕೊಂದು ಲೆಕ್ಕ ಇದೆ. ಅಣ್ಣ-ತಂಗಿಯನ್ನೋ ಅಪ್ಪ-ಮಗಳನ್ನೋ ಕೂಡಿಸಿದರೆ ಹುಟ್ಟುವ ಮರಿಗೆ ಒಳಸಂಬಂಧದ ಅಂಕ ಶೇಕಡಾ 25. ಮಲಅಣ್ಣ-ಮಲತಂಗಿ ಆದರೆ 12.5. ಅಣ್ಣತಮ್ಮಂದಿರ ಮಕ್ಕಳ ನಡುವೆ ಆದರೆ 6.25. ಈ 6.25ಕ್ಕಿಂತ ಕೆಳಗಿರಬೇಕು ಅನ್ನುವುದು ನನ್ನ ನಿಯಮ. ಆದರೆ ಇಲ್ಲೊಂದು ಮರೆಮೋಸ ಇದೆ. ಐದು ತಲೆಮಾರು ಮಾತ್ರ ಹಿಡಿದು ಲೆಕ್ಕ ಹಾಕಿದರೆ ಬಹಳ ಜೋಡಿಗಳು ಚೆನ್ನಾಗಿಯೇ ಕಾಣುತ್ತವೆ. ಹತ್ತು ತಲೆಮಾರು ಹಿಡಿಯಿರಿ, ಅದೇ ಜೋಡಿಯ ಅಂಕ ಏರುತ್ತದೆ. ನಾಲ್ಕೇ ನಾಯಿಗಳಿಂದ ಎದ್ದ ತಳಿ ತಾನೇ, ಹಿಂದೆ ಹೋದ ಹಾಗೆ ಅದೇ ಹೆಸರುಗಳು ಮತ್ತೆ ಮತ್ತೆ ಸಿಗುತ್ತವೆ. ಹಾಗಾಗಿ ಸಿಕ್ಕಷ್ಟೂ ಹಿಂದಕ್ಕೆ ಹೋಗಿ ಲೆಕ್ಕ ಹಾಕಿಸಬೇಕು. ಈಗ ಡಿಎನ್ಎಯಿಂದಲೇ ಇದನ್ನು ಅಳೆಯುವ ಪರೀಕ್ಷೆಗಳೂ ಇವೆ. ಒಂದೇ ಸೂಲಿನ ಎರಡು ಮರಿಗಳಿಗೂ ಅಂಕ ಬೇರೆ ಬೇರೆ ಬರುತ್ತದೆ. ಕಾಗದದ ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ.

ಎರಡನೆಯದು ಬಾಲ. ವಾಲ್‌ಹುಂಡ್ ಮರಿಗಳಲ್ಲಿ ಕೆಲವು ಉದ್ದ ಬಾಲದೊಂದಿಗೆ ಹುಟ್ಟುತ್ತವೆ, ಕೆಲವಕ್ಕೆ ಹುಟ್ಟಿನಿಂದಲೇ ಮೊಂಡು ಬಾಲ. ತಳಿ ಹೇಗಿರಬೇಕು ಅಂತ ಬರೆದಿಟ್ಟ ಸ್ಟ್ಯಾಂಡರ್ಡ್ ಪ್ರಕಾರ ಎರಡೂ ಸರಿ. ಆದರೆ ಮರಿ ಕೇಳಿಕೊಂಡು ಬರುವವರಲ್ಲಿ ಮೊಂಡು ಬಾಲವೇ ಬೇಕು ಅನ್ನುವವರು ಜಾಸ್ತಿ. ಈ ಮೊಂಡು ಬಾಲಕ್ಕೆ ಒಂದು ಜೀನ್‌ನಲ್ಲಿ ಆದ ಬದಲಾವಣೆ ಕಾರಣ. ಅದರ ಒಂದು ಪ್ರತಿ ಇದ್ದರೆ ಬಾಲ ಮೊಂಡಾಗುತ್ತದೆ. ತಾಯಿಯಿಂದ ಒಂದು, ತಂದೆಯಿಂದ ಒಂದು ಅಂತ ಎರಡೂ ಬಂದರೆ ಭ್ರೂಣ ಗರ್ಭದಲ್ಲೇ ಸಾಯುತ್ತದೆ. ಮೊಂಡು ಬಾಲದ ಗಂಡಿಗೆ ಮೊಂಡು ಬಾಲದ ಹೆಣ್ಣನ್ನು ಕೂಡಿಸಿದರೆ ಕಾಲು ಭಾಗ ಮರಿಗಳು ಹುಟ್ಟುವ ಮೊದಲೇ ಹೋದವು ಅಂತಲೇ ಲೆಕ್ಕ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೇ ವಾಲ್‌ಹುಂಡ್‌ಗಳನ್ನು ನೋಡಿ, ಅಂಥ ಜೋಡಿಗಳಲ್ಲಿ ಮರಿಗಳ ಸಂಖ್ಯೆ ಶೇಕಡಾ 29ರಷ್ಟು ಕಡಿಮೆ ಅಂತ ಕಂಡುಕೊಂಡಿತು. ಒಂದೊಂದು ಮರಿಯೂ ಮುಖ್ಯವಾದ ತಳಿಯಲ್ಲಿ ಇದು ಸಣ್ಣ ನಷ್ಟ ಅಲ್ಲ. ಮೊಂಡಿಗೆ ಉದ್ದ ಬಾಲವನ್ನೇ ಕೂಡಿಸಿದರೆ ಅರ್ಧ ಮರಿಗಳು ಮೊಂಡು, ಅರ್ಧ ಉದ್ದ, ಗರ್ಭದಲ್ಲಿ ಈ ಕಾರಣಕ್ಕೆ ಒಂದೂ ಸಾಯುವುದಿಲ್ಲ. ನಾನು ಹೀಗೆ ಮಾತ್ರ ಕೂಡಿಸುತ್ತೇನೆ. ಬಾಲಕ್ಕಾಗಿಯೇ ಮರಿ ಕೇಳುವವರಿಗೆ ಇದನ್ನು ಕೂರಿಸಿ ವಿವರಿಸುತ್ತೇನೆ. ಅರ್ಥವಾದ ಮೇಲೆ ಉದ್ದ ಬಾಲದ ಮರಿಯನ್ನೇ ಖುಷಿಯಿಂದ ತೆಗೆದುಕೊಂಡು ಹೋದವರಿದ್ದಾರೆ.

ಮೂರನೆಯದು ಕಣ್ಣು. ಇದರ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚಿನ ಕಾಳಜಿ. ಈ ತಳಿಗೇ ಬರುವ ಒಂದು ರೆಟಿನಾ ಕಾಯಿಲೆ ಇದೆ. ಎಂಇಆರ್‌ಟಿಕೆ ಅನ್ನುವ ಜೀನ್‌ಗೂ ಅದಕ್ಕೂ ಸಂಬಂಧ ಇದೆ ಅಂತ ಸಂಶೋಧಕರು ಪತ್ತೆ ಮಾಡಿದ್ದಾರೆ. ಮೊದಲು ಕಣ್ಣಿನ ಹಿಂಪರದೆಯ ಬಣ್ಣ ಕೆಂಪು-ಕಂದು ಆಗುತ್ತದೆ. ಇದು ಕಣ್ಣಿನ ಪಶುವೈದ್ಯರಿಗೆ ಮಾತ್ರ ಕಾಣುವಂಥದ್ದು. ನಾಯಿಗೆ ಆಗ ಏನೂ ತೊಂದರೆ ಇರುವುದಿಲ್ಲ. ವರ್ಷಗಳು ಕಳೆದ ಮೇಲೆ ಮುಸ್ಸಂಜೆಯಲ್ಲಿ ಮೆಟ್ಟಿಲ ಹತ್ತಿರ ತಡವರಿಸುತ್ತದೆ, ಆಮೇಲೆ ನಿಧಾನಕ್ಕೆ ನೋಟ ಹೋಗುತ್ತದೆ. ಆ ಹೊತ್ತಿಗೆ ಅದರ ಮರಿಗಳಿಗೂ ಮರಿಗಳಾಗಿರುತ್ತವೆ. ದನದ ಒದೆ ತಪ್ಪಿಸಿಕೊಂಡು ಬದುಕಬೇಕಾದ ನಾಯಿಗೆ ಕಣ್ಣೇ ಹೋದರೆ ಉಳಿದದ್ದೇನು? ಅದಕ್ಕೇ ಒಂದು ಸಲ ಪರೀಕ್ಷೆ ಮಾಡಿಸಿ ಬಿಡುವುದಿಲ್ಲ. ಪ್ರತಿ ಸಲ ಕೂಡಿಸುವ ಮೊದಲು, ಮತ್ತೆ ವಯಸ್ಸಾದ ಮೇಲೂ ಕಣ್ಣು ತೋರಿಸುತ್ತೇನೆ. ಗಂಡಿನ ಅಪ್ಪ-ಅಮ್ಮನ ಕಣ್ಣಿನ ವರದಿ ಕೇಳುತ್ತೇನೆ. ವಯಸ್ಸಾದ ನಾಯಿಯ ವರದಿಯಷ್ಟು ನಂಬಿಕೆ ನನಗೆ ಎಳೇ ನಾಯಿಯ ವರದಿ ಮೇಲೆ ಇಲ್ಲ.

ಕಾಯಿಲೆಯ ಜೀನ್‌ನ ಒಂದೇ ಪ್ರತಿ ಹೊತ್ತ ನಾಯಿಯನ್ನು ತಳಿಯಿಂದ ಹೊರಗೆ ಹಾಕಬೇಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಜೀನ್ ಇಲ್ಲದ ನಾಯಿಯ ಜೊತೆ ಕೂಡಿಸಿದರೆ ಮರಿಗಳಿಗೆ ಕಾಯಿಲೆ ಬರುವುದಿಲ್ಲ. ಅರ್ಧ ಮರಿಗಳು ಜೀನ್ ಹೊರುತ್ತವೆ ಅಷ್ಟೆ. ಒಂದು ಜೀನ್‌ಗೆ ಹೆದರಿ ಒಳ್ಳೇ ನಾಯಿಗಳನ್ನೆಲ್ಲ ಬಿಟ್ಟರೆ, ಉಳಿದ ನಾಲ್ಕರಲ್ಲಿ ಇನ್ನೊಂದು ಕಾಯಿಲೆ ಮೇಲೆದ್ದು ಬರುತ್ತದೆ. ಸೊಂಟದ ಎಕ್ಸ್‌ರೇ, ಮಂಡಿ ಚಿಪ್ಪು ಜಾರುತ್ತದೆಯೇ ಅನ್ನುವ ತಪಾಸಣೆ ಇವೂ ಆಗಬೇಕು. ಇವು ಹೆಚ್ಚುಕಡಿಮೆ ಎಲ್ಲ ತಳಿಗೂ ಇರುವಂಥವೇ.

ಇನ್ನೊಂದು ಮಾತು. ಒಂದು ಗಂಡು ದೊಡ್ಡ ಶೋ ಗೆದ್ದಿತು ಅಂದರೆ ಎಲ್ಲರೂ ಅದರ ಹಿಂದೆಯೇ ಬೀಳುತ್ತಾರೆ. ಎರಡೇ ವರ್ಷದಲ್ಲಿ ಎಲ್ಲ ಮರಿಗಳಿಗೂ ಅದೇ ಅಪ್ಪ. ಮುಂದಿನ ತಲೆಮಾರಿಗೆ ಜೋಡಿ ಎಲ್ಲಿಂದ ತರುವುದು? ಇದು ದೊಡ್ಡ ತಳಿಗೆ ಏಟು, ಸಣ್ಣ ತಳಿಗೆ ಪ್ರಾಣಕ್ಕೇ ಬರುತ್ತದೆ. ಮಿಂಚುಗೆ ನಾನು ಆರಿಸಿದ್ದು ಯಾವ ದೊಡ್ಡ ಬಿರುದೂ ಇಲ್ಲದ ಗಂಡು. ವಯಸ್ಸು ಎಂಟು ದಾಟಿತ್ತು, ಕಣ್ಣು ನಿಚ್ಚಳ, ಉದ್ದ ಬಾಲ. ಅದುವರೆಗೆ ಅವನಿಗೆ ಒಂದು ಮರಿಯೂ ಇರಲಿಲ್ಲ. ತಲೆ ಸ್ವಲ್ಪ ಅಗಲ ಸಾಲದು, ನಿಜ. ಆದರೆ ಮಾಲೀಕರ ದನಗಳನ್ನು ದಿನಾ ಒಳಗೆ ಹೊರಗೆ ಮಾಡುತ್ತಿದ್ದ. ತಲೆ ಮುಂದಿನ ತಲೆಮಾರಿನಲ್ಲಿ ಸರಿ ಮಾಡಬಹುದು. ಧೈರ್ಯ ಒಂದು ಸಲ ಕಳೆದುಕೊಂಡರೆ ಮತ್ತೆ ತರುವುದು ಬಹಳ ಕಷ್ಟ.

ಬೆದೆಯಿಂದ ಮರಿ ತನಕ

ಗಂಡು ದೂರದಲ್ಲಿದ್ದರೆ ಬೆದೆಯ ದಿನ ಎಣಿಸಿಕೊಂಡು ಹೊರಡುವುದು ನಂಬುವ ಮಾತಲ್ಲ. ಬೆದೆಗೆ ಬಂದ ಒಂದು ವಾರದ ಆಸುಪಾಸಿನಿಂದ ರಕ್ತದಲ್ಲಿ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್ ಎಷ್ಟಿದೆ ಅಂತ ನೋಡಿಸುತ್ತೇನೆ. ಮಿಲಿಲೀಟರ್‌ಗೆ 2 ನ್ಯಾನೊಗ್ರಾಂ ಹತ್ತಿರ ಬಂದರೆ ಗಂಟುಮೂಟೆ ಸಿದ್ಧ ಮಾಡಿಕೊಳ್ಳಬೇಕು. 5 ದಾಟಿದರೆ ಅಂಡ ಬಿಡುಗಡೆ ಆಗುವ ಹೊತ್ತು. ನಾಯಿಯ ಅಂಡ ಬಿಡುಗಡೆಯಾದ ಕೂಡಲೇ ಫಲಿಸುವುದಿಲ್ಲ, ಬಲಿಯಲು ಇನ್ನೂ ಎರಡು ದಿನ ಬೇಕು. ಹಾಗಾಗಿ ಅಂಡ ಬಿಡುಗಡೆಯಾದ ಎರಡನೇ ದಿನ ಕೂಡಿಸಿದರೆ ಒಳ್ಳೆಯದು. ಅಂಡ ಬಿಡುಗಡೆಯಾದ ದಿನದಿಂದ ಹಿಡಿದರೆ 63 ದಿನಕ್ಕೆ, ಒಂದೆರಡು ದಿನ ಆಚೀಚೆ, ಮರಿ ಹಾಕುತ್ತದೆ. 55 ದಿನ ಕಳೆದ ಮೇಲೆ ಒಂದು ಎಕ್ಸ್‌ರೇ ತೆಗೆಸಿ ಮರಿ ಎಷ್ಟಿವೆ ಅಂತ ಎಣಿಸಿಕೊಳ್ಳುತ್ತೇನೆ. ಹೆರಿಗೆ ಮುಗಿಯಿತೋ ಇನ್ನೊಂದು ಒಳಗಿದೆಯೋ ಅನ್ನುವ ಗೊಂದಲ ಆಗ ಇರುವುದಿಲ್ಲ.

ಕೊನೇ ವಾರ ದಿನಕ್ಕೆ ಎರಡು ಮೂರು ಸಲ ಜ್ವರ ನೋಡುತ್ತೇನೆ. ಮೈ ಬಿಸಿ 37 ಡಿಗ್ರಿ ಹತ್ತಿರಕ್ಕೆ ಇಳಿಯಿತು ಅಂದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಹೆರಿಗೆ. ಮಿಂಚು ಅವತ್ತು ಮಧ್ಯಾಹ್ನದಿಂದಲೇ ಊಟ ಬಿಟ್ಟಳು. ಪೆಟ್ಟಿಗೆಯಲ್ಲಿ ಹಾಸಿದ ಬಟ್ಟೆಯನ್ನು ಕೆರೆದು ಕೆರೆದು ಮೂಲೆಗೆ ಗುಡ್ಡೆ ಹಾಕಿದಳು. ನಾನು ಪಕ್ಕದಲ್ಲಿ ಕೂತಿದ್ದೆ ಅಷ್ಟೆ, ಕೈ ಹಾಕಲಿಲ್ಲ. ಒಂದೊಂದು ಮರಿ ಬಂದಾಗಲೂ ಚೀಲ ಹರಿದು, ಬಳ್ಳಿ ಕಚ್ಚಿ, ಮರಿ ಕುಂಯ್ ಅನ್ನುವ ತನಕ ನೆಕ್ಕಿದಳು. ನೋಡುತ್ತಾ ಕೂರುವವರಿಗೆ ಬೇಕಾದ್ದು ಎರಡು: ತಾಳ್ಮೆ, ಮತ್ತೆ ಯಾವಾಗ ತಾಳ್ಮೆ ಬಿಡಬೇಕು ಅನ್ನುವ ಅರಿವು. ಜೋರಾಗಿ ತಿಣುಕುತ್ತಾ ಅರ್ಧ ಗಂಟೆ ಕಳೆದರೂ ಮರಿ ಬರದಿದ್ದರೆ, ಮೊದಲ ಮರಿಗೆ ಮುಂಚೆಯೇ ಹಸಿರು ನೀರು ಕಂಡರೆ, ಒಳಗೆ ಮರಿ ಇದ್ದೂ ಎರಡು ಗಂಟೆ ಸುಮ್ಮನಾದರೆ ಪಶುವೈದ್ಯರಿಗೆ ಫೋನ್ ಹೋಗಲೇಬೇಕು. ಅವರ ನಂಬರ್ ಮೊದಲೇ ಗೋಡೆಗೆ ಅಂಟಿಸಿಟ್ಟಿರಬೇಕು.

ಮೊದಲ ವಾರ ಮರಿಗಳಿಗೆ ತಮ್ಮ ಮೈಯನ್ನು ತಾವೇ ಬೆಚ್ಚಗಿಟ್ಟುಕೊಳ್ಳಲು ಆಗುವುದಿಲ್ಲ. ಪೆಟ್ಟಿಗೆಯ ಒಂದು ಕಡೆ 30 ಡಿಗ್ರಿ ಹತ್ತಿರ ಬಿಸಿ ಇಡುತ್ತೇನೆ, ಇನ್ನೊಂದು ಕಡೆ ತಂಪು. ಬೇಕಾದ ಕಡೆ ಅವೇ ತೆವಳಿಕೊಂಡು ಹೋಗುತ್ತವೆ. ದಿನಾ ಒಂದೇ ಹೊತ್ತಿಗೆ ತೂಕ ಹಾಕಿ ಬರೆದಿಡುತ್ತೇನೆ. ಹುಟ್ಟಿದ ತೂಕ ಹತ್ತು ದಿನದ ಹೊತ್ತಿಗೆ ಎರಡರಷ್ಟಾಗಬೇಕು. ಮರಿ ಹುಷಾರಿಲ್ಲ ಅನ್ನುವುದು ಮೊದಲು ತಕ್ಕಡಿಗೆ ಗೊತ್ತಾಗುತ್ತದೆ, ನಮ್ಮ ಕಣ್ಣಿಗೆ ಆಮೇಲೆ.

ಯಾವ ಮರಿ ಉಳಿಸಿಕೊಳ್ಳುವುದು

ಮೂರನೇ ವಾರದಿಂದ ಹನ್ನೆರಡನೇ ವಾರದ ತನಕ ಮರಿಯ ಮನಸ್ಸು ತೆರೆದಿರುತ್ತದೆ. ಈ ಹೊತ್ತಿನಲ್ಲಿ ನೋಡಿದ್ದಕ್ಕೆ, ಕೇಳಿದ್ದಕ್ಕೆ ಮುಂದೆ ಹೆದರುವುದು ಕಡಿಮೆ. ತಗಡು, ಮರಳು, ಒದ್ದೆ ಹುಲ್ಲು, ಅಲ್ಲಾಡುವ ಹಲಗೆ ಎಲ್ಲದರ ಮೇಲೂ ನಡೆಸುತ್ತೇನೆ. ಪಾತ್ರೆ ಬಿದ್ದ ಸದ್ದು, ಬಾಗಿಲು ಬಡಿದ ಸದ್ದು ಕೇಳಿಸುತ್ತೇನೆ. ದೂರದಿಂದ ದನದ ವಾಸನೆ, ದನದ ಕೂಗು. ಆದರೆ ದನದ ಕಾಲ ಬಳಿಗೆ ಮರಿಯನ್ನು ಬಿಡುವುದಿಲ್ಲ. ಒಂದೇ ಒಂದು ಒದೆ ಸಾಕು, ಹುಟ್ಟಾ ಧೈರ್ಯವಂತ ಮರಿಯೂ ಜೀವನಪೂರ್ತಿ ಹಿಂಜರಿಯುತ್ತದೆ.

ಎಂಟನೇ ವಾರದ ಹೊತ್ತಿಗೆ ಮೈಕಟ್ಟು ನೋಡುತ್ತೇನೆ. ಆಗ ಕಾಣುವ ಅಳತೆ, ಭುಜದ ಓರೆ, ತೊಡೆಯ ಬಾಗು ದೊಡ್ಡದಾದ ಮೇಲೂ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ ಅನ್ನುವುದು ಎಷ್ಟೋ ಬ್ರೀಡರ್‌ಗಳ ನಂಬಿಕೆ, ನಾನು ಕಂಡದ್ದೂ ಅದೇ. ಗುಣ ನೋಡುವುದಕ್ಕೆ ನನ್ನದೇ ಒಂದು ದಾರಿ ಇದೆ. ಖಾಲಿ ಡಬ್ಬ ಒಂದನ್ನು ಹತ್ತಿರ ಉರುಳಿಸುತ್ತೇನೆ. ಬೆಚ್ಚಿ ಹಿಂದೆ ಸರಿಯುವುದು ತಪ್ಪಲ್ಲ, ಬುದ್ಧಿ ಇರುವ ಮರಿ ಬೆಚ್ಚಲೇಬೇಕು. ಎಷ್ಟು ಬೇಗ ವಾಪಸ್ ಬಂದು ಮೂಸುತ್ತದೆ ಅನ್ನುವುದೇ ಲೆಕ್ಕ. ಮಿಂಚುವಿನ ಮೊದಲ ಸೂಲಿನಲ್ಲಿ ಒಂದು ಹೆಣ್ಣುಮರಿ ಹಾರಿ ಹಿಂದೆ ಹೋಯಿತು, ಎರಡು ಸಲ ಬೊಗಳಿತು, ಸುತ್ತು ಹಾಕಿ ಡಬ್ಬದ ಹಿಂದಿನಿಂದ ಬಂದು ಅಂಚನ್ನು ಕಚ್ಚಿ ಬಿಟ್ಟು ನೆಲಕ್ಕೆ ಬಗ್ಗಿತು. ಯಾರೂ ಕಲಿಸಿದ್ದಲ್ಲ. ಆ ಮರಿ ನನ್ನ ಹತ್ತಿರವೇ ಉಳಿಯಿತು. ಅವಳೇ ಕಿಡಿ.

ದನದ ಹಿಂದೆ

ಗಿಡ್ಡ ಕಾಲು ಯಾಕೆ ಬಂತು ಅಂತ ದನದ ಹಿಂದೆ ನಾಯಿಯನ್ನು ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ. ಹಸು ಒದೆದರೆ ಗೊರಸು ನೆಲದಿಂದ ಒಂದಿಷ್ಟು ಮೇಲೆ ಹಾದು ಹೋಗುತ್ತದೆ. ನಾಯಿ ಅದರ ಕೆಳಗೆ ಇರಬೇಕು. ಬಾರ್ಡರ್ ಕಾಲಿ ಕಣ್ಣಲ್ಲೇ ಕುರಿಯನ್ನು ಕಟ್ಟಿಹಾಕುತ್ತದೆ, ಹೊಂಚು ಹಾಕಿ ಮೆಲ್ಲಗೆ ಬರುತ್ತದೆ. ವಾಲ್‌ಹುಂಡ್ ಹಾಗಲ್ಲ. ತಲೆ ಎತ್ತಿಕೊಂಡು ನೇರ ಹೋಗುತ್ತದೆ, ಬೊಗಳುತ್ತದೆ, ಜಗ್ಗದಿದ್ದರೆ ಹಿಮ್ಮಡಿ ಹಿಡಿಯುತ್ತದೆ. ಹಾಗಾಗಿ ಬಾರ್ಡರ್ ಕಾಲಿ ತಳಿಗಾಗಿ ಬರೆದ ತರಬೇತಿ ಕ್ರಮವನ್ನು ಇದರ ಮೇಲೆ ಹಾಗೇ ಹೇರಬಾರದು. ದೂರದಿಂದ ದೊಡ್ಡ ಸುತ್ತು ಹಾಕು ಅಂತ ಮೊದಲೇ ಒತ್ತಾಯ ಮಾಡಿದರೆ ಇದಕ್ಕೆ ಬೇಜಾರಾಗಿ ಕೆಲಸವನ್ನೇ ಬಿಡುತ್ತದೆ.

ದನ ತೋರಿಸುವ ಮೊದಲು ಮೂರು ಮಾತು ಗಟ್ಟಿಯಾಗಬೇಕು: ಕರೆದರೆ ಬರುವುದು, ನಿಲ್ಲು ಅಂದರೆ ನಿಲ್ಲುವುದು, ಸಾಕು ಅಂದರೆ ಬಿಟ್ಟು ಬರುವುದು. ಮನೆಯಲ್ಲಿ ಕೇಳಿದರೆ ಸಾಲದು. ಚೆಂಡು ಉರುಳುತ್ತಿರುವಾಗ, ಬೇರೆ ನಾಯಿ ಓಡುತ್ತಿರುವಾಗ ಕೇಳಬೇಕು. ದನದ ಎದುರು ಈ ನಾಯಿಯ ಕಿವಿ ಅರ್ಧ ಮುಚ್ಚಿಹೋಗುತ್ತದೆ ಅಂತಲೇ ಇಟ್ಟುಕೊಳ್ಳಿ. ಆಮೇಲೆ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತಲು ಒಂದು ಮಾತು, ಎದುರು ದಿಕ್ಕಿಗೆ ಇನ್ನೊಂದು. ಬಾರ್ಡರ್ ಕಾಲಿ ತರಬೇತಿಯಲ್ಲಿ ಇದಕ್ಕೆ "ಕಮ್ ಬೈ" (come bye), "ಅವೇ" (away) ಅನ್ನುತ್ತಾರೆ. ಯಾವ ಮಾತಾದರೂ ನಡೆಯುತ್ತದೆ, ಗಾಳಿಯಲ್ಲಿ ಕೇಳಿದಾಗ ಎರಡೂ ಒಂದೇ ತರ ಕೇಳಿಸಬಾರದು ಅಷ್ಟೆ.

ಮೊದಲ ಪಾಠ ನಾಯಿಗೆ ಒಗ್ಗಿದ ಕುರಿಗಳ ಜೊತೆ, ಅಥವಾ ಬಾತುಕೋಳಿಗಳ ಜೊತೆ. ದುಂಡನೆಯ ದೊಡ್ಡಿ, ನಾಯಿಗೆ ಉದ್ದ ಹಗ್ಗ. ಆರು ತಿಂಗಳಿಗೆ ಮುಂಚೆ ಬೇಡ. ಆಗಲೂ ಐದೇ ಐದು ನಿಮಿಷ. ಇಲ್ಲಿ ಕಲಿಯಬೇಕಾದ್ದು ಜಾಗದ ಒತ್ತಡ. ಪ್ರತಿ ಪ್ರಾಣಿಗೂ ಸುತ್ತ ಒಂದು ಬೇಲಿ ಇರುತ್ತದೆ, ನಮ್ಮ ಕಣ್ಣಿಗೆ ಕಾಣದ್ದು. ಅದರೊಳಗೆ ಕಾಲಿಟ್ಟರೆ ಪ್ರಾಣಿ ಸರಿಯುತ್ತದೆ, ಹೊರಗೆ ನಿಂತರೆ ನಿಲ್ಲುತ್ತದೆ. ಭುಜದ ಹಿಂದಿನಿಂದ ಒಳಗೆ ಬಂದರೆ ಮುಂದೆ ಹೋಗುತ್ತದೆ, ಭುಜದ ಮುಂದಿನಿಂದ ಬಂದರೆ ಹಿಂದೆ ತಿರುಗುತ್ತದೆ. ದನ ನಡೆಸುವ ವಿದ್ಯೆಯಲ್ಲಿ ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರಾಂಡಿನ್ ಅವರು ಇದನ್ನು ಬಹಳ ಬಿಡಿಸಿ ಹೇಳಿದ್ದಾರೆ. ನಾಯಿ ತರಬೇತಿಗೂ ಇದೇ ಅಡಿಪಾಯ. ನಾಯಿಗೆ ಕಲಿಸುವ ಮೊದಲು ನಾನು ನಾಯಿ ಇಲ್ಲದೆ, ಬರಿ ಕಾಲ್ನಡಿಗೆಯಲ್ಲಿ ಕುರಿ ದನ ನಡೆಸುವುದನ್ನು ಕಲಿತೆ. ಇದನ್ನು ಎಲ್ಲರಿಗೂ ಹೇಳುತ್ತೇನೆ. ಪ್ರಾಣಿ ಈಗ ಯಾವ ಕಡೆ ತಿರುಗುತ್ತದೆ ಅಂತ ಗೊತ್ತಿಲ್ಲದವರು ನಾಯಿಗೆ ಹೇಳುವ ಮಾತು ಯಾವಾಗಲೂ ತಡವಾಗಿಯೇ ಬರುತ್ತದೆ.

ದನದ ಹತ್ತಿರ ಬಿಡುವುದು ವರ್ಷ ತುಂಬಿದ ಮೇಲೆ. ಮೂಳೆ ಬಲಿತಿರಬೇಕು, ಮನಸ್ಸೂ ಬಲಿತಿರಬೇಕು. ಕರು ಜೊತೆಗಿರುವ ಹಸು ಬೇಡವೇ ಬೇಡ, ಅದು ನಾಯಿಯನ್ನು ಅಟ್ಟಿಸಿಕೊಂಡೇ ಬರುತ್ತದೆ. ನಾಯಿ ಕಂಡು ಗೊತ್ತಿರುವ, ನಿಧಾನ ಸ್ವಭಾವದ ನಾಲ್ಕೈದು ಹಸು ಸಾಕು. ಜಾಗ ಅಗಲವಾಗಿರಬೇಕು, ನಾಯಿಗೆ ತಪ್ಪಿಸಿಕೊಳ್ಳಲು ದಾರಿ ಇರಬೇಕು.

ಕಿಡಿ ಮೊದಲ ಸಲ ಹಿಮ್ಮಡಿ ಹಿಡಿದದ್ದು ಗೇಟಿನ ಬಾಯಲ್ಲಿ. ಹಿಂದಿನ ಹಸು ನಿಂತುಬಿಟ್ಟಿತು. ಕಿಡಿ ಬೊಗಳಿದಳು, ಅದು ಕಿವಿ ಆಡಿಸಿತೇ ಹೊರತು ಕದಲಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ನಿಂತೆ. ಅವಳು ಹಿಂದೆ ಹೋಗಿ ನಿಂತು ಕಾಲುಗಳನ್ನೇ ನೋಡಿದಳು. ಹಸು ಭಾರ ಬದಲಿಸಿ ಎಡಗಾಲಿನ ಮೇಲೆ ಬಿಟ್ಟಿತು. ಕಿಡಿ ಬಾಯಿ ಹಾಕಿದ್ದು ಆ ಎಡಗಾಲಿಗೇ, ಗೊರಸಿನ ಸ್ವಲ್ಪ ಮೇಲೆ. ಹಿಡಿದು ಬಿಟ್ಟು ನೆಲಕ್ಕೆ ಅಂಟಿದಳು. ಭಾರ ಇರುವ ಕಾಲನ್ನು ಹಸು ಕೂಡಲೇ ಎತ್ತಲಾರದು, ಭಾರ ಇನ್ನೊಂದು ಕಾಲಿಗೆ ಹೋದ ಮೇಲೆಯೇ ಒದೆಯಬೇಕು. ಅಷ್ಟು ಹೊತ್ತು ನಾಯಿಗೆ ಸಾಕು. ಗೊರಸು ಅವಳ ಕಿವಿಯ ಮೇಲಿಂದ ಹಾದು ಹೋಯಿತು. ಹಸು ಎರಡು ಹೆಜ್ಜೆ ಇಟ್ಟು ಗೇಟು ದಾಟಿತು. ಕಿಡಿ ಎದ್ದು ನನ್ನ ಮುಖ ನೋಡಿದಳು. "ಭೇಷ್ ಮಗಳೇ, ಸಾಕು" ಅಂದೆ, ಓಡಿ ಬಂದಳು. ಅವತ್ತಿನ ಪಾಠ ಅಲ್ಲಿಗೇ ಮುಗಿಸಿದೆ. ಚೆನ್ನಾಗಿ ಆದಾಗಲೇ ನಿಲ್ಲಿಸಬೇಕು.

ಭಾರ ಇರುವ ಕಾಲನ್ನೇ ಹಿಡಿಯುವ ಈ ಬುದ್ಧಿಯನ್ನು ನಾವು ಕಲಿಸುವುದಕ್ಕಾಗದು. ರಕ್ತದಲ್ಲಿ ಬರಬೇಕು. ಕಲಿಸಬಹುದಾದ್ದು ಯಾವಾಗ ಹಿಡಿಯಬಾರದು ಅನ್ನುವುದನ್ನು. ನಡೆಯುತ್ತಿರುವ ಹಸುವಿನ ಕಾಲು ಹಿಡಿದರೆ "ನಿಲ್ಲು". ಕುರಿಯ ಕಾಲು ಹಿಡಿಯಲೇಬಾರದು, ತೆಳು ಕಾಲು, ಗಾಯವಾಗುತ್ತದೆ. ಬಾಲ, ಹೊಟ್ಟೆ, ತೊಡೆ ಕಡೆ ಬಾಯಿ ಹೋದರೆ ಆಟ ಬಂದ್. ಬೊಗಳುವುದರಲ್ಲೂ ಎರಡು ಬಗೆ. ಗಟ್ಟಿ ದನಿಯಲ್ಲಿ ಒಂದೆರಡು ಸಲ ಬೊಗಳಿ ದನ ಏನು ಮಾಡುತ್ತದೆ ಅಂತ ನೋಡಿದರೆ ಅದು ಕೆಲಸ. ಕೀರಲು ದನಿಯಲ್ಲಿ ಬಿಡದೆ ಕೂಗಿದರೆ ತಲೆ ಬಿಸಿಯಾಗಿದೆ ಅಂತ ಅರ್ಥ. ಆಗ ಬೈಯುವುದಿಲ್ಲ, ಹೊರಗೆ ಕರೆದುಕೊಂಡು ಹೋಗಿ ನೆರಳಲ್ಲಿ ಕೂರಿಸುತ್ತೇನೆ.

ಉದ್ದ ಬೆನ್ನಿನ ನಾಯಿ ಅನ್ನುವುದನ್ನು ಮರೆಯುವ ಹಾಗಿಲ್ಲ. ಮೈ ಏರಿದರೆ ಮೊದಲು ಸೋಲುವುದು ಬೆನ್ನು. ಕೈಯಿಟ್ಟರೆ ಪಕ್ಕೆಲುಬು ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಎತ್ತರದಿಂದ ಹಾರುವುದಕ್ಕೆ ಬಿಡುವುದಿಲ್ಲ, ಗಾಡಿಯಿಂದ ನಾನೇ ಎತ್ತಿ ಇಳಿಸುತ್ತೇನೆ.

ರಿಂಗ್‌ನಲ್ಲಿ

ಕೆಲಸದ ನಾಯಿಯವರಲ್ಲಿ ಶೋ ಅಂದರೆ ಮೂಗು ಮುರಿಯುವವರಿದ್ದಾರೆ. ಸ್ಟ್ಯಾಂಡರ್ಡ್ ಓದಿ ನೋಡಿ ಅನ್ನುತ್ತೇನೆ. ಮೈಯ ಉದ್ದ ಮತ್ತು ಎತ್ತರ 3ಕ್ಕೆ 2ರ ಹಾಗೆ ಇರಬೇಕು ಅಂತಿದೆ. ಅದಕ್ಕಿಂತ ಎತ್ತರವಾದರೆ ಒದೆ ತಗಲುತ್ತದೆ, ಅದಕ್ಕಿಂತ ಉದ್ದವಾದರೆ ತಿರುಗಲು ಆಗದು. ಒರಟಾದ ಮೇಲ್ಗೂದಲು, ಒಳಗೆ ಮೆತ್ತನೆ ದಟ್ಟ ಕೂದಲು ಬೇಕು ಅಂತಿದೆ. ಮಳೆಯಲ್ಲಿ ನಿಂತ ನಾಯಿಗೆ ಅದು ಬೇಕೇ ಬೇಕು. ಕತ್ತರಿಯಂತೆ ಕೂಡುವ ಹಲ್ಲು, ಬಲವಾದ ದವಡೆ, ದಣಿಯದೆ ನೇರ ಓಡುವ ಕಾಲು. ಎಲ್ಲವೂ ದೊಡ್ಡಿಯಿಂದಲೇ ಬಂದ ಮಾತುಗಳು. ಭುಜದ ಹತ್ತಿರ ತಿಳಿ ಬಣ್ಣದ ಪಟ್ಟೆ, ಮುಖದ ತಿಳಿ ಮುಸುಕು ಮಾತ್ರ ಅಂದಕ್ಕೆ. ಅಂದವೂ ಇರಲಿ ಬಿಡಿ.

ರಿಂಗ್ ತರಬೇತಿಯಲ್ಲಿ ನನಗೆ ನೆರವಾದದ್ದು ಬೇರೆ ಬೇರೆ ಪಟ್ಟಿ ಬಳಸುವುದು. ಅಗಲದ ಪಟ್ಟಿ ಕೊರಳಿಗೆ ಬಿದ್ದರೆ ದನ. ತೆಳು ಶೋ ಪಟ್ಟಿ ಬಿದ್ದರೆ ನಿಲ್ಲುವ ಕೆಲಸ. ಕೆಲವೇ ವಾರದಲ್ಲಿ ಕಿಡಿಗೆ ವ್ಯತ್ಯಾಸ ಗೊತ್ತಾಯಿತು. ದೊಡ್ಡಿಯಲ್ಲಿ ಅವಳು ನನ್ನಿಂದ ದೂರ ಯೋಚನೆ ಮಾಡಬೇಕು, ರಿಂಗ್‌ನಲ್ಲಿ ನನ್ನ ಕೈಯನ್ನೇ ನೋಡಬೇಕು. ಒಂದೇ ನಾಯಿಗೆ ಎರಡೂ ಬರುತ್ತದೆ, ಯಾವಾಗ ಯಾವುದು ಅಂತ ನಾವು ಸ್ಪಷ್ಟವಾಗಿ ಹೇಳಬೇಕು. ರಿಂಗ್‌ಗೆ "ಕೂರು" ಅನ್ನುವುದನ್ನು ತಡವಾಗಿ ಕಲಿಸುತ್ತೇನೆ. ತಿಂಡಿ ಕಂಡ ಕೂಡಲೇ ಕೂರುವ ಅಭ್ಯಾಸ ಬಿದ್ದರೆ ಜಡ್ಜ್ ಎದುರೂ ಕೂತೇಬಿಡುತ್ತವೆ. ನಾಲ್ಕು ಕಾಲಿನ ಮೇಲೆ ನಿಂತಾಗ ಮಾತ್ರ ತಿಂಡಿ.

ಮೇಜಿನ ಮೇಲೆ ಪರೀಕ್ಷೆ ಮಾಡಿಸಿಕೊಳ್ಳುವುದು ದನ ಕಾಯುವ ನಾಯಿಗೆ ಕಷ್ಟ. ಮೇಲಿನಿಂದ ಬಾಗಿ ಬರುವ ಅಪರಿಚಿತರನ್ನು ಅವು ತೂಗಿ ನೋಡುತ್ತವೆ. ಮರಿಯಾಗಿದ್ದಾಗಿನಿಂದಲೇ ಮನೆಗೆ ಬಂದವರೆಲ್ಲರ ಕೈಯಲ್ಲಿ ಅದರ ಹಲ್ಲು ನೋಡಿಸುತ್ತೇನೆ. ಟೋಪಿ ಹಾಕಿದವರು, ಗಡ್ಡದವರು, ದೊಡ್ಡ ದನಿಯವರು ಎಲ್ಲರೂ ಬೇಕು. ಮೊದಲ ದೊಡ್ಡ ಶೋನಲ್ಲಿ ಜಡ್ಜ್ ಕಿಡಿಯ ತೊಡೆಯ ಮೇಲೆ ಕೈಯಿಟ್ಟವರು ಒಂದು ಕ್ಷಣ ಅಲ್ಲೇ ನಿಲ್ಲಿಸಿ, "ಇವಳು ಕೆಲಸ ಮಾಡ್ತಾಳಾ?" ಅಂತ ಕೇಳಿದರು. ಹೌದು ಅಂದೆ. ದಿನಾ ಓಡುವ ನಾಯಿಯ ತೊಡೆ ಕೈಗೆ ಬೇರೆಯೇ ಸಿಗುತ್ತದೆ. ಅದನ್ನು ಸಣ್ಣ ಓಟದ ಯಂತ್ರದ ಮೇಲೆ ತರಿಸಲು ಆಗುವುದಿಲ್ಲ.

ಸ್ನಾನ ಶೋಗೆ ಹಲವು ದಿನ ಮೊದಲೇ ಆಗಬೇಕು. ಹಿಂದಿನ ದಿನ ಮಾಡಿಸಿದರೆ ಕೂದಲು ಮೆತ್ತಗಾಗಿ ಉಬ್ಬುತ್ತದೆ, ಈ ತಳಿಗೆ ಅದು ಲಕ್ಷಣ ಅಲ್ಲ. ಕತ್ತರಿ ಹಾಕುವುದಿಲ್ಲ. ಉಗುರು ಮಾತ್ರ ಸದಾ ಗಿಡ್ಡ.

ಮರಿ ಕೊಡುವಾಗ

ಒಂದು ಸೂಲಿನಿಂದ ಒಂದೇ ನಾಯಿ ಉಳಿಸಿಕೊಂಡು ಉಳಿದದ್ದನ್ನೆಲ್ಲ ಮುಂದೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸುವ ಷರತ್ತಿನ ಮೇಲೆ ಕೊಡುವ ಪದ್ಧತಿ ದೊಡ್ಡ ತಳಿಗಳಲ್ಲಿ ಇದೆ. ವಾಲ್‌ಹುಂಡ್‌ಗೆ ಅದು ಹೊಂದುವುದಿಲ್ಲ. ಆರೋಗ್ಯ ಚೆನ್ನಾಗಿರುವ, ಗುಣ ಚೆನ್ನಾಗಿರುವ ಪ್ರತಿ ಮರಿಯೂ ತಳಿಗೆ ಬೇಕಾಗಬಹುದು. ಹಾಗಾಗಿ ಕಣ್ಣಿನ ಪರೀಕ್ಷೆಯ ವರದಿ ನನಗೆ ಕಳಿಸಬೇಕು, ಪೂರ್ತಿ ಬೆಳೆಯುವ ಮೊದಲು ಆಪರೇಷನ್ ಮಾಡಿಸಬಾರದು, ಸಾಕಲು ಆಗದಿದ್ದರೆ ನನಗೇ ವಾಪಸ್ ಕೊಡಬೇಕು ಅಂತ ಬರೆಸಿಕೊಂಡು ಕೊಡುತ್ತೇನೆ. ದನ ಇಲ್ಲದ ಮನೆಗೂ ಕೊಟ್ಟಿದ್ದೇನೆ. ಆದರೆ ಇದಕ್ಕೆ ದಿನಾ ತಲೆಗೆ ಕೆಲಸ ಬೇಕು, ಬಾಯಿ ಜಾಸ್ತಿ, ಓಡುವ ಮಕ್ಕಳ ಹಿಮ್ಮಡಿಗೂ ಬಾಯಿ ಹಾಕಲು ನೋಡುತ್ತದೆ ಅಂತ ಮೊದಲೇ ಹೇಳುತ್ತೇನೆ. ಕೇಳಿ ಸುಮ್ನೆ ನಕ್ಕವರಿಗಿಂತ, ಹಾಗಾದರೆ ಏನು ಮಾಡಬೇಕು ಅಂತ ಕೇಳಿದವರಿಗೇ ಮರಿ ಹೋಗುವುದು.

ಒಳ್ಳೇ ಗಂಡುಗಳ ವೀರ್ಯ ಹೆಪ್ಪುಗಟ್ಟಿಸಿ ಇಡುವುದನ್ನೂ ಈಗ ಪರಿಚಯದ ಬ್ರೀಡರ್‌ಗಳಿಗೆ ಬಿಡದೆ ಹೇಳುತ್ತಿದ್ದೇನೆ. ಹತ್ತು ವರ್ಷ ಆದ ಮೇಲೆ, ಆ ಗಂಡು ಮುದಿಯಾಗಿ ಕಣ್ಣು ಸರಿಯಾಗಿಯೇ ಇತ್ತು ಅಂತ ಖಾತ್ರಿಯಾದ ಮೇಲೆ ಅದನ್ನು ಬಳಸಬಹುದು. ಕಾದು ನೋಡುವ ಅವಕಾಶ ಸಿಗುತ್ತದೆ.

ಕಿಡಿಗೆ ಈಗ ಮೂರು ತುಂಬಿದೆ. ಸೊಂಟ, ಮಂಡಿ, ಕಣ್ಣು ಎಲ್ಲ ನೋಡಿಸಿ ಆಯಿತು. ಕಣ್ಣಿನ ಜೀನ್ ಅವಳಲ್ಲಿ ಒಂದು ಪ್ರತಿ ಇದೆ, ಬಾಲ ಮೊಂಡು. ಹಾಗಾಗಿ ಬರುವ ಗಂಡಿಗೆ ಆ ಜೀನ್ ಇರಬಾರದು, ಬಾಲ ಉದ್ದ ಇರಬೇಕು, ಅವಳ ಅಪ್ಪನ ಕಡೆಯವನಾಗಿರಬಾರದು. ಇಷ್ಟು ಸೋಸಿದ ಮೇಲೆ ಕೈಯಲ್ಲಿ ಎರಡು ಹೆಸರು ಉಳಿದಿವೆ. ಒಬ್ಬ ರಿಂಗ್‌ನಲ್ಲಿ ಹೆಸರು ಮಾಡಿದವನು, ದನ ಕಂಡವನಲ್ಲ. ಇನ್ನೊಬ್ಬ ಸಾಧಾರಣ ತಲೆಯವನು, ಕುರಿ ಕೆಲಸ ಗೊತ್ತು. ಮಾಲೀಕರಿಬ್ಬರೂ ಒಪ್ಪಿದ್ದಾರೆ. ಬೆದೆ ಬರುವ ಮೊದಲು ಎರಡನ್ನೂ ಶಾಂತ ಹಸುಗಳ ಹಿಂದೆ ಬಿಟ್ಟು ನೋಡುತ್ತೇನೆ, ಆಮೇಲೆ ತೀರ್ಮಾನ.